ಷರೀಫನನ್ನು ಬಂಧಿಸಿದ ಚಳಿಗಾಲ

ಅಧ್ಯಕ್ಷತೆ ವಹಿಸಿರುವ ಮಾನ್ಯ ನ್ಯಾಯಾಧೀಶರೇ, ಪೂಜ್ಯ ಪಾದ್ರಿಗಳೇ, ವರ್ಷ ವರ್ಷವೂ ಮತ ಕೊಟ್ಟು ನನ್ನನ್ನು ಹೆಣಗಳ ಬಳಿಗೆ ಕಳುಹಿಸಿದ ನ್ಯೂಜೆರ್ಸಿಯ ಈ ಕೌಂಟಿಯ ಸಭಿಕರೇ,

ಕುದುರೆಯ ಜೀನು ಹೊಲಿಯುವ ನನಗೆ, ಈ ಜೋಸಯ ಪ್ರಾಲ್‌ಗೆ, ಇಷ್ಟು ದೊಡ್ಡ ಬೀಳ್ಕೊಡುಗೆಯೇ? ನನ್ನ ಎದುರು ಇಷ್ಟು ಜನ ಉಸಿರಾಡುತ್ತಾ ಕುಳಿತಿರುವುದು ಇದೇ ಮೊದಲು!

ನಾನು ಇಷ್ಟು ವರ್ಷ ಮಾಡಿದ ಕೊರೋನರನ ಕೆಲಸ ನಿಮಗೆ ಗೊತ್ತು. ಹೆಣದ ಸುತ್ತ ಹನ್ನೆರಡು ಮಂದಿಯನ್ನು ನಿಲ್ಲಿಸಿ, ಸಾವು ಹೇಗಾಯಿತೆಂದು ತೀರ್ಮಾನ ಕೇಳುವುದು. ಕೌಂಟಿಯ ಕಾನೂನನ್ನೂ ಸೆರೆಮನೆಯನ್ನೂ ಕಾಯುವ ಅಧಿಕಾರಿ ಷರೀಫ; ಅವನನ್ನೇ ಬಂಧಿಸಬೇಕಾಗಿ ಬಂದರೆ ಆ ಅಧಿಕಾರವೂ ಕೊರೋನರನದೇ. ಅದು ಎಂದೂ ಬಳಕೆಗೆ ಬರದ ಮಾತು ಎಂದುಕೊಂಡಿದ್ದೆ. ಷರೀಫ ಗ್ಯಾರೆಟ್ ನನ್ನ ಹೆಂಡತಿ ಕೆಜಾಯಳ ತಮ್ಮ. ನನ್ನ ಮೊದಲ ಚುನಾವಣೆಯಲ್ಲಿ ಊರಿಗೆಲ್ಲ ಸೇಬಿನ ಮದ್ಯ ಕುಡಿಸಿ ಗೆಲ್ಲಿಸಿದವನೂ ಅವನೇ.

ಆ ಚಳಿಗಾಲ ಹೈರಮ್ ಕ್ರೇನ್ ಎಂಬ ಕೈದಿ ಸೆರೆಮನೆಯಲ್ಲಿ ಸತ್ತ. "ಜ್ವರ ಬಂದಿತ್ತು ಭಾವ. ಬೇಗ ಮಣ್ಣು ಮಾಡಿಬಿಡೋಣ" ಎಂದ ಗ್ಯಾರೆಟ್. ಹನ್ನೊಂದು ಮಂದಿ ಹೆಣದ ಮುಖವಷ್ಟೇ ನೋಡಿ ತಲೆಯಾಡಿಸಿದರು. ಹನ್ನೆರಡನೆಯವರಾದ ಪೀಪಾಯಿ ಮಾಡುವ ಈನಕ್ ಮಾತ್ರ, "ಹೊದಿಕೆ ಪೂರ್ತಿ ತೆಗೀರಪ್ಪ, ಕಾಲು ನೋಡೋಣ" ಎಂದರು. ಪಾದಗಳು ಹಿಮಗಟ್ಟಿ ಕಪ್ಪಾಗಿದ್ದವು. ಎದುರು ಮಾತಾಡಿದ್ದಕ್ಕೆ ಹೈರಮ್‌ನನ್ನು ಬೆಂಕಿಯಿಲ್ಲದ ನೆಲಮಾಳಿಗೆಗೆ ತಳ್ಳಿದ್ದರೆಂದು ಕಾವಲುಗಾರ ಒಪ್ಪಿಕೊಂಡ. ತಳ್ಳಿಸಿದವನು ಷರೀಫ ಎಂದು ತೀರ್ಮಾನವಾಯಿತು.

"ನನ್ನ ಹಿಡಿಯೋರು ಯಾರು ಭಾವ?" ಎಂದು ಗ್ಯಾರೆಟ್ ನಕ್ಕ.

"ನಾನೇ ಕಣೋ. ಕೋಟು ಹಾಕ್ಕೋ, ನಡಿ."

ಮನೆಗೆ ಬಂದರೆ ಕೆಜಾಯ ನಮ್ಮ ಹಾಸಿಗೆಯ ಕಂಬಳಿ ಮಡಿಸುತ್ತಿದ್ದಳು. "ನೀವು ಮಾಡಿದ್ದು ಸರಿ. ಆದ್ರೆ ನನ್ನ ತಮ್ಮ ಚಳೀಲಿ ಸಾಯಬಾರದು" ಎಂದಳು. ಆ ಚಳಿಗಾಲವಿಡೀ ನಾವು ಕೋಟು ಹೊದ್ದು ಮಲಗಿದೆವು. ಮಾತೂ ಕಡಿಮೆಯೇ ಇತ್ತು. ಇರಲಿ, ಅದು ಈ ಸಭೆಗೆ ಬೇಡ.

ನ್ಯಾಯಾಲಯ ಗ್ಯಾರೆಟ್‌ನ ಪದವಿ ಕಿತ್ತುಕೊಂಡು ಕೆಲವು ತಿಂಗಳ ಸೆರೆವಾಸ ವಿಧಿಸಿತು. ಅವನು ಬಿಡುಗಡೆಯಾದ ಮೇಲೆ ಆ ವರ್ಷದ ಚುನಾವಣೆ ಬಂತು. ನಾನು ಸೋಲುವುದು ಖಚಿತವೆಂದು ಎಲ್ಲರೂ ಹೇಳುತ್ತಿದ್ದರು. ಸಾಲಿನಲ್ಲಿ ಅವನೂ ನಿಂತಿದ್ದ. ಎಲ್ಲರೆದುರು ಗಟ್ಟಿಯಾಗಿ ಹೆಸರು ಹೇಳಿ ಮತ ಕೊಡಬೇಕಲ್ಲ? "ಪ್ರಾಲ್" ಎಂದ. ಗುಮಾಸ್ತ ಮತ್ತೊಮ್ಮೆ ಕೇಳಿದ.

"ಕಿವಿ ಕೇಳಲ್ವೇನೋ? ಪ್ರಾಲ್ ಅಂದೆ. ನಾನು ಒಳಗೆ ಸತ್ತಿದ್ರೆ ನನ್ನ ಕಾಲೂ ನೋಡ್ತಿದ್ದ ಅವನು."

ನನ್ನತ್ತ ತಿರುಗಿಯೂ ನೋಡದೆ ಹೊರಟುಹೋದ. ನಾನು ಗೆದ್ದೆ. ಅವನು ಇಂದಿಗೂ ನನ್ನನ್ನು ಮಾತನಾಡಿಸುವುದಿಲ್ಲ. ಊರಿನಲ್ಲಿ ಅವನಂತೆ ಹಾಸ್ಯ ಮಾಡುವವರು ಇನ್ನೊಬ್ಬರಿಲ್ಲ, ಅದನ್ನು ಕೇಳುವ ಭಾಗ್ಯ ನನಗಿಲ್ಲ.

ಊಟ ಆರುತ್ತಿದೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಕೃತಜ್ಞತೆಗಳು, ನಮಸ್ಕಾರ.