ಬರೆದವನು ನಾನೇ

ಕದ ಹಾಕ್ಕೊಂಡು ಬನ್ನಿ, ಹೇಳ್ತೀನಿ. ಎಲ್ಲೋ ಕೇಳಿದ್ದಲ್ಲ ಇದು. ನನ್ನ ದೊಡ್ಡಮ್ಮನ ಮಗ ಇದಾನಲ್ಲ, ಅಣ್ಣ... ಅವನಿಗೇ ಆದದ್ದು.

ಅಣ್ಣ ಆಗ ಒಂದು ಉರ್ದು ಪೇಪರ್‌ನಲ್ಲಿ ವರದಿಗಾರ. ಪುಟ ಅಚ್ಚಿಗೆ ಹೋದ ಮೇಲೆ, ಪ್ರೆಸ್ಸಿನ ಹಿಂದಿನ ಓಣಿ ಹಿಡಿದು ಮನೆಗೆ ನಡೀತಿದ್ದ. ಓಣಿಯಲ್ಲಿ ಒಂದು ಹಳೇ ಬಾವಿ. ಆ ರಾತ್ರಿ ಬಾವಿ ದಾಟಬೇಕು ಅನ್ನೋವಾಗ ಶಬ್ದ ಕೇಳಿಸ್ತು.

ಕಿರ್ರ್... ಕಿರ್ರ್...

ನಿಂತಿತು. ಮತ್ತೆ ಕಿರ್ರ್... ಬಿದಿರಿನ ಲೇಖನಿ ಕಾಗದದ ಮೇಲೆ ಎಳೀತಾರಲ್ಲ, ಆ ಶಬ್ದ.

ಅಣ್ಣ ಬಾವಿ ಕಡೆ ತಿರುಗಿದ. ಆ ಲೇಖನಿ ಹಿಡೀತಿದ್ದ ಮನುಷ್ಯ ಸತ್ತು ಒಂಬತ್ತು ದಿನ ಆಗಿತ್ತು. ಅದೇ ಬಾವಿಯಲ್ಲಿ.

ಅವರನ್ನ ಎಲ್ಲರೂ ಉಸ್ತಾದ್ ಅಂತಿದ್ರು. ಆ ಪೇಪರ್‌ನ ಕಾತಿಬ್. ಅಂದ್ರೆ, ವರದಿಗಾರರು ಕೊಟ್ಟಿದ್ದನ್ನೆಲ್ಲ ಚೆಂದದ ಅಕ್ಷರದಲ್ಲಿ ಕೈಯಾರೆ ಬರೆಯೋರು. ಅದೇ ಪುಟ ಅಚ್ಚಾಗ್ತಿತ್ತು. ಅಣ್ಣನದು ಕಾಗೆ ಕಾಲು ಗುಬ್ಬಿ ಕಾಲು. "ನೀನು ಗೀಚು ಮಗನೇ, ನಾನು ಬರೀತೀನಿ" ಅಂತ ನಗ್ತಿದ್ರು.

ಅನಾಥಾಲಯದ ಜಾಗ ನುಂಗಿದ ಒಬ್ಬ ಕಂಟ್ರಾಕ್ಟರ್ ಮೇಲೆ ಅಣ್ಣ ವರದಿ ಬರೆದ. ಮಾರನೇ ಸಂಜೆ ಕಂಟ್ರಾಕ್ಟರ್‌ನ ಬಂಟ ಇಬ್ಬರನ್ನ ಕಟ್ಟಿಕೊಂಡು ಆಫೀಸಿಗೆ ನುಗ್ಗಿದ. ಅವನಿಗೆ ಸಲಾಕೆ ಅಂತಲೇ ಹೆಸರು, ಕೈಯಲ್ಲಿ ಯಾವಾಗಲೂ ಕಬ್ಬಿಣದ ಸಲಾಕೆ. ಅಣ್ಣ ಪೇಪರ್ ಕಟ್ಟುಗಳ ಹಿಂದೆ ಅವಿತುಕೊಂಡ.

"ಯಾವನೋ ಇದನ್ನ ಬರೆದವನು?"

ಉಸ್ತಾದ್ ಆ ಕಟ್ಟುಗಳ ಕಡೆ ಒಂದೇ ಸಲ ನೋಡಿದ್ರು. ಆಮೇಲೆ ಲೇಖನಿ ಕೆಳಗಿಟ್ರು.

"ಬರೆದವನು ನಾನೇ. ಅಕ್ಷರ ನೋಡಪ್ಪ, ನನ್ನದೇ."

ಬಲಗೈಯನ್ನ ಹಲಗೆ ಮೇಲೆ ಒತ್ತಿ ಹಿಡಿದು ಬೆರಳು ಬೆರಳಾಗಿ ಜಜ್ಜಿದ್ರು. ಆಮೇಲೆ ತಲೆ. ಕಾಲು ಹಿಡಿದು ಮಹಡಿ ಮೆಟ್ಟಿಲ ಮೇಲಿಂದ ಕೆಳಕ್ಕೆ ಎಳ್ಕೊಂಡು ಹೋದ್ರು... ಧಡ್... ಧಡ್... ಹದಿನಾಲ್ಕು ಮೆಟ್ಟಿಲು. ಅಣ್ಣ ಎಣಿಸ್ತಾ ಕೂತಿದ್ದ. ಕೊನೆಗೆ ಓಣಿ ಕಡೆಯಿಂದ ಒಂದು ದುಡುಂ.

ಪೊಲೀಸರು ಕೇಳಿದಾಗ ಅಣ್ಣ ಏನಂದ ಗೊತ್ತಾ? "ನಾನು ಏನೂ ನೋಡಿಲ್ಲ ಸಾರ್."

ಈಗ ಬಾವಿಯೊಳಗಿಂದ ಕಿರ್ರ್... ಕಿರ್ರ್...

ಹಿಂದೆ ಯಾರೋ ಕೆಮ್ಮಿದ್ರು. ತಿರುಗಿ ನೋಡಿದ್ರೆ ಸಲಾಕೆ.

"ಬರೆದ ಕೈ ಮಾತ್ರ ಮುದುಕನದಂತೆ. ಬರೆಸಿದ ತಲೆ ನಿನ್ನದಂತೆ..."

ಮೊದಲ ಏಟು ಮೊಣಕಾಲಿಗೆ. ಎರಡನೇದು ಹೆಗಲಿಗೆ, ಮೂಳೆ ಲಟಕ್ ಅಂತು. ಬಿದ್ದವನನ್ನ ಕುತ್ತಿಗೆ ಪಟ್ಟಿ ಹಿಡಿದೆತ್ತಿ ಬಾವಿಗೆ ಎಸೆದ.

ನೀರು ತಣ್ಣಗೆ ಕೊರೀತಿತ್ತು. ಅಣ್ಣ ಒಂದು ಕೈಯಲ್ಲಿ ಗೋಡೆಯ ಕಲ್ಲು ತಬ್ಬಿಕೊಂಡ. ಮೇಲೆ ಸಲಾಕೆ ದಪ್ಪ ಚಪ್ಪಡಿಯೊಂದನ್ನ ಎರಡೂ ಕೈಯಲ್ಲಿ ಎತ್ತಿ ಬಗ್ಗಿದ್ದ.

ಲೇಖನಿಯ ಶಬ್ದ ನಿಂತಿತು.

ಕಿವಿ ಪಕ್ಕದಲ್ಲೇ ಯಾರೋ ಪಿಸುಗುಟ್ಟಿದ್ರು. "ಹೆಸರು ಹೇಳ್ತೀಯಾ?"

"ಹೇ... ಹೇಳ್ತೀನಿ ಉಸ್ತಾದ್."

"ಜೋರಾಗಿ ಹೇಳು."

ಅಣ್ಣ ಗಂಟಲು ಹರಿಯೋ ಹಾಗೆ ಕೂಗಿದ. ಸಲಾಕೆಯ ಹೆಸರು, ಕಂಟ್ರಾಕ್ಟರ್ ಹೆಸರು, ಜೊತೆಗಿದ್ದ ಇಬ್ಬರ ಹೆಸರು.

ಮೇಲೆ... ಟಕ್.

ಒಣ ಸೌದೆ ಮುರಿದ ಹಾಗೆ. ಮತ್ತೆ ಟಕ್. ಟಕ್. ಸಲಾಕೆ ಕಿರುಚಿದ. ಚಪ್ಪಡಿ ಜಾರಿ ಅಣ್ಣನ ಕಿವಿ ಸವರಿಕೊಂಡು ನೀರಿಗೆ ಬಿತ್ತು. ಟಕ್. ಟಕ್. ಆಮೇಲೆ ಅವನೇ ತಲೆಕೆಳಗಾಗಿ ಬಂದ. ನಡುವೆ ತಲೆ ಕಲ್ಲಿಗೆ ಬಡೀತು. ಅಣ್ಣನ ಪಕ್ಕದಲ್ಲೇ ಅಂಗಾತ ತೇಲಿದ. ಬಲಗೈ ಬೆರಳು ಐದೂ ಹಿಂದಕ್ಕೆ ಮಡಚಿದ್ವು.

ಸ್ವಲ್ಪ ಹೊತ್ತಿಗೆ ಲಾಟೀನು, ಹಗ್ಗ ಹಿಡ್ಕೊಂಡು, ಹಿಂದೆ ನಾಲ್ಕು ಜನ ಅಕ್ಕಪಕ್ಕದವರನ್ನ ಕರ್ಕೊಂಡು ಅತ್ತಿಗೆ ಓಡಿ ಬಂದ್ರು. ಅಣ್ಣನನ್ನ ಮೇಲೆಳೆದ್ರು. ಬೆಳಗಾಗುತ್ತಲೇ ಅಣ್ಣ ಕುಂಟುತ್ತಾ ಹೋಗಿ ಪೊಲೀಸರ ಮುಂದೆ ಎಲ್ಲ ಹೇಳಿದ. ಕಂಟ್ರಾಕ್ಟರ್ ಜೈಲಲ್ಲೇ ಸತ್ತ. ಅಣ್ಣ ಇವತ್ತಿಗೂ ಕುಂಟ್ತಾನೆ, ನೀವೇ ನೋಡಿದೀರಲ್ಲ.

ಮಾರನೇ ದಿನ ಅಣ್ಣನ ಆರೈಕೆಗೆ ಅಂತ ಹೋದಾಗ, ಬಾವಿಗೆ ಬಿದ್ದಿದಾನೆ ಅಂತ ನಿಮಗೆ ಹೇಗೆ ಗೊತ್ತಾಯ್ತು ಅಂತ ಅತ್ತಿಗೇನ ಕೇಳ್ದೆ. ಬಾಗಿಲು ತಟ್ಟಿದ ಶಬ್ದ ಆಯ್ತಂತೆ. ತೆಗೆದ್ರೆ ಒಬ್ಬರು ಮುದುಕರು, ಮೈಯೆಲ್ಲ ಒದ್ದೆ. "ಹಗ್ಗ ತಗೊಂಡು ಬಾವಿಗೆ ಓಡು ಮಗಳೇ" ಅಂದ್ರಂತೆ. ಅಷ್ಟೇ.

ನಂಬೋದು ಬಿಡೋದು ನಿಮ್ಮಿಷ್ಟ. ಕಡು ಬೇಸಿಗೆ ಅದು. ಅವರು ನಿಂತಿದ್ದ ಹೊಸ್ತಿಲು ಮೂರು ದಿನ ಒಣಗಲಿಲ್ಲ. ಒರೆಸಿ ಒರೆಸಿ ಬಟ್ಟೆ ಹಿಂಡಿದವಳು ನಾನೇ.