ಡಬ್ಬಿಯೊಳಗಿನ ಗೊಂಬೆ

ಕೊಪ್ಪದ ಮಕ್ಕಳ ಡಾಕ್ಟರ ಬಳಿ ಮೊಮ್ಮಗಳ ಕೆಮ್ಮಿಗೆ ಔಷಧಿ ಬರೆಸಲು ಕಾಯುತ್ತಿದ್ದ ಶ್ರೀರಂಜನಿಗೆ, ಪಕ್ಕದ ಬೆಂಚಿನ ಅತ್ತೆ ಸೊಸೆಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಸೊಸೆಯ ತೊಡೆಯ ಮೇಲೆ ಮೂರು ವರ್ಷದ ಹೆಣ್ಣುಕೂಸು ಅವಳ ವೇಲನ್ನು ಬಿಗಿಯಾಗಿ ಹಿಡಿದು ಕೂತಿತ್ತು.

"ಡಾಕ್ಟರಿಗೆ ಎಂತ ಹೇಳ್ತೀಯ ಅರ್ಪಣಾ?"

"ಒಂದು ತಿಂಗಳಿಂದ ಮತ್ತೆ ಹಾಸಿಗೆ ಒದ್ದೆ ಮಾಡ್ತಾಳೆ, ನಾನು ಪಕ್ಕದಿಂದ ಎದ್ರೂ ಕಿರುಚ್ತಾಳೆ ಅಂತ."

"ಅದೆಲ್ಲ ಮೊಬೈಲ್ ನೋಡಿ ಆಗೋದು."

"ಅವಳ ಕೈಗೆ ಮೊಬೈಲ್ ಕೊಡೋರು ಯಾರು ಅತ್ತೆ?"

ಅತ್ತೆ ಗೋಡೆಯ ಕ್ಯಾಲೆಂಡರ್ ನೋಡಿದರು.

"ನಾನು ಕೆಲಸಕ್ಕೆ ಹೋದ ಮೇಲೆ ಇವಳು ಹಟ ಮಾಡಿದ್ರೆ ನೀವು ಎಂತ ಮಾಡ್ತೀರಿ?"

"ಎಂತ ಮಾಡೋದು? ಸಮಾಧಾನ ಮಾಡ್ತೀನಿ."

"ನಿನ್ನೆ ಗೊಂಬೆನ ಡಬ್ಬೀಲಿ ಹಾಕಿ ಮುಚ್ಚಳ ಮುಚ್ಚಿ, 'ಅತ್ರೆ ತೆಗೆಯಲ್ಲ' ಅಂತಿದ್ಲು. ಅದನ್ನ ಎಲ್ಲಿ ಕಲಿತಳು?"

ಶ್ರೀರಂಜನಿ ಕೈಯಲ್ಲಿದ್ದ ಚೀಟಿಯಿಂದ ಕಣ್ಣೆತ್ತಲಿಲ್ಲ.

"ಐದೇ ನಿಮಿಷ ಮಾರಾಯ್ತಿ, ಉಗ್ರಾಣದಲ್ಲಿ ಕೂರಿಸಿ ಬಾಗಿಲು ಹಾಕಿದ್ದು. ನಿನ್ನ ಗಂಡನ್ನೂ ಹಾಗೇ ಬೆಳೆಸಿದ್ದು."

"ಅದಕ್ಕೇ ಅವರು ಇವತ್ತಿಗೂ ಲೈಟ್ ಹಾಕ್ಕೊಂಡೇ ಮಲಗೋದು."

ಅತ್ತೆ ಮೆಲ್ಲಗೆ ಕೇಳಿದರು.

"ನನಗೆ ಯಾಕೆ ಹೇಳ್ಲಿಲ್ಲ ಅವನು?"

"ನಿಮಗೆ ಹೇಳೋಕೂ ಹೆದರಿಕೆ ಅವರಿಗೆ."

ನರ್ಸ್ ಕೂಸಿನ ಹೆಸರು ಕೂಗಿದಳು. ಅತ್ತೆ ಎದ್ದು ಕೂಸಿನತ್ತ ಕೈ ಚಾಚಿದರು. ಅದು ತಾಯಿಯ ಹೆಗಲಿಗೆ ಮುಖ ಒತ್ತಿಕೊಂಡಿತು. ಸೊಸೆ ಮುಂದೆ ನಡೆದಳು, ಅತ್ತೆ ಹಿಂದೆ.

"ನಾನೇ ಹೇಳ್ತೀನಿ ಡಾಕ್ಟ್ರೇ," ಎಂಬ ಅತ್ತೆಯ ದನಿ ಹೊರಗೆ ಕೇಳಿಸಿತು. ಬಾಗಿಲು ಮುಚ್ಚಿಕೊಂಡಿತು; ಮುಂದೆ ಏನು ಹೇಳಿದರೋ, ಶ್ರೀರಂಜನಿಗೆ ಕೇಳಿಸಲಿಲ್ಲ.