ಕೆಂಪು ದಾರ ಕಟ್ಟಿದ ಅಲಸಂದೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಮೀಟಿಂಗ್ ಮಧ್ಯೆ ಎದ್ದು ವರಾಂಡಕ್ಕೆ ಬಂದಿದೀನಿ...

ಓ, ಭಾವ, ನೀವಾ! ಫಾರ್ಮ್ ಆಫೀಸ್ ಫೋನಿಂದ ಮಾಡಿದ್ರಿ, ಗೊತ್ತಾಗ್ಲಿಲ್ಲ. ಹಾಂ, ಹೇಳಿ. ಅಕ್ಕ ಚೆನ್ನಾಗಿದಾಳಾ? ನನ್ನ ಅಲಸಂದೆಗೆ ನೀರು ಬಿಟ್ರಾ?...

ಗಿಡಕ್ಕೆ ಹೇನು ಜಾಸ್ತಿ ಆಯ್ತಾ? ಆಗಲಿ ಬಿಡಿ. ಬರಲಿ ಅಂತಾನೇ ಔಷಧ ಹೊಡೆಯದೆ ಬಿಟ್ಟಿರೋದು. ಯಾವ ಗಿಡಕ್ಕೆ ಹತ್ತುತ್ತೆ, ಯಾವುದಕ್ಕೆ ಹತ್ತಲ್ಲ ಅಂತ ನೋಡೋಕೇ ಅಲ್ವಾ ಇಷ್ಟು ಪಾಡು...

ಎಲ್ಲಾ ಗಿಡಕ್ಕೂ? ಎಲ್ಲಾ ಅಂದ್ರೆ? ಕೆಂಪು ದಾರ ಕಟ್ಟಿದೀನಲ್ಲ, ಅವಕ್ಕೂ ಹತ್ತಿದೆಯಾ?...

ಅವು ಇಲ್ವಾ? ಇಲ್ಲ ಅಂದ್ರೆ ಎಲ್ಲಿಗೆ ಹೋದವು, ಕಾಲು ಬಂತಾ ಅವಕ್ಕೆ?...

ಕಿತ್ರಾ... ನೀವೇ ಕಿತ್ರಾ? ಬೇರು ಸಮೇತ?...

ಥೂ!... ಇಲ್ಲ ಭಾವ, ನಿಮಗಲ್ಲ ಅಂತ ಹೇಳೋಕೆ ಬಾಯಿ ಬರ್ತಿಲ್ಲ. ನಿಮಗೇ ಅಂದದ್ದು. ಅಕ್ಕನ ಗಂಡ ಅಂತ ಇಷ್ಟಕ್ಕೇ ನಿಲ್ಲಿಸಿದೀನಿ...

ಹಾಂ? ಹಳೇ ಕೆಲಸದಲ್ಲಿ ಹಾಗಿತ್ತಾ? ಬೀಜದ ಕಂಪನೀಲಿ ದಾರ ಕಟ್ಟಿದ್ದಾರೆ ಅಂದ್ರೆ ಬೆರಕೆ ಗಿಡ, ಕಿತ್ತು ಬಿಸಾಕೋದು... ಗೊತ್ತು ಭಾವ, ಗೊತ್ತು. ಅಲ್ಲಿ ಎಲ್ಲಾ ಗಿಡ ಒಂದೇ ಅಚ್ಚಲ್ಲಿ ಒತ್ತಿದ ಹಾಗಿರಬೇಕು. ನಾನು ದಾರ ಕಟ್ಟಿದ್ದು ಉಳಿಸ್ಕೊಳ್ಳೋಕೆ! ಹೇನು ಹತ್ತದ ಗಿಡ ಯಾವುದು ಅಂತ ಮೊಣಕಾಲೂರಿ ಹುಡುಕಿ ಹುಡುಕಿ ಕಟ್ಟಿದ್ದು. ಒಂದು ಮಾತು ಕೇಳೋಕೆ ಏನಾಗಿತ್ತು?...

ನೋಡೋಕೆ ಚೆಂದ ಇರ್ಲಿಲ್ವಾ? ಒಂದು ನೆಲಕ್ಕೆ ಹರಡಿತ್ತು, ಒಂದು ಸೆಟೆದು ನಿಂತಿತ್ತು, ಒಂದರ ಕಾಂಡ ನೇರಳೆ... ಅದೇ ಬೇಕಿತ್ತು ನನಗೆ! ನಾಟಿ ತಳಿ ಅಂದ್ರೆ ಅದೇ. ಒಂದೇ ಹಿಡಿ ಬೀಜದಲ್ಲಿ ಬಿಸಿಲು ತಡೆಯೋದೊಂದು, ಹೇನು ತಡೆಯೋದೊಂದು, ಏನೂ ಮಾಡದೆ ಸುಮ್ನೆ ಜಾಗ ಹಿಡಿದು ಕೂರೋದೊಂದು, ಥೇಟ್ ನಮ್ಮನೆ ಥರ. ನಮ್ಮ ಸಂಶೋಧನಾ ಕೇಂದ್ರದವರೇ ಬಿಡುಗಡೆ ಮಾಡಿದ ಹೊಸ ತಳಿ ಇದೆಯಲ್ಲ, ಫೋಟೋದಲ್ಲಿ ನಗ್ತಾ ಇರುತ್ತೆ, ಹೇನು ಬಂದ್ರೆ ವಾರದಲ್ಲಿ ಮಲಗಿಬಿಡುತ್ತೆ. ಅದನ್ನ ಈ ದಾರದ ಗಿಡಗಳ ಜೊತೆ ಕ್ರಾಸ್ ಮಾಡ್ಬೇಕಿತ್ತು. ಹೂ ಬಿಡೋದನ್ನೇ ಕಾಯ್ತಿದ್ದೆ. ಸೋಮವಾರ ಬಂದು ಮಾಡೋಳಿದ್ದೆ...

ಮತ್ತೆ ಬಿತ್ತೋದಾ? ಯಾವ ಬೀಜ ತಂದು ಬಿತ್ತಲಿ? ಈ ನಾಟಿ ಬೀಜ ಕೊಟ್ಟ ಹಳ್ಳಿ ಅಜ್ಜಿ ತೀರ್ಕೊಂಡ್ರು, ಸೊಸೆ ಈಗ ಪ್ಯಾಕೆಟ್ ಬೀಜ ಬಿತ್ತುತ್ತಾಳೆ. ನಮ್ಮ ಕೇಂದ್ರದ ಬೀಜದ ತಣ್ಣನೆ ಕೋಣೇಲಿ ಇಟ್ಟಿದ್ದಕ್ಕೆ ಕರೆಂಟ್ ಹೋಗಿ ಬೂಷ್ಟು ಬಂತು. ಅದಕ್ಕೇ ಉಳಿದಿದ್ದನ್ನೆಲ್ಲ ಈ ಸಲ ಮಣ್ಣಿಗೆ ಹಾಕಿದ್ದು...

ಕಿತ್ತಿದ್ದಾದ್ರೂ ಎಲ್ಲಿದೆ?... ಹಸುಗೆ?... ಅಲ್ಲ, ಪೂರ್ತಿ ಹಾಕಿಬಿಟ್ರಾ? ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂತಾರೆ, ನಂದು ಹಸು ಬಾಯಿಗೆ ಹೋಯ್ತು. ಹಾಲು ಜಾಸ್ತಿ ಕೊಡ್ತಾ?... ಛೀ, ಹೇಳ್ಬೇಡಿ ಭಾವ, ನಾನೇನು ನಿಜವಾಗ್ಲೂ ಕೇಳಿದ್ನಾ? ಹೇಸಿಗೆ ಆಗುತ್ತೆ!...

ಏನು? ಯಾವ ಔಷಧ ಹೊಡೀಲಿ ಅಂತ ಕೇಳೋಕೆ ಫೋನ್ ಮಾಡಿದ್ದಾ? ನಾಳೆ ನಿರ್ದೇಶಕರು ಬರ್ತಾರೆ, ಹೊಲ ಕಪ್ಪಗೆ ಕಾಣುತ್ತೆ ಅಂತಾನಾ? ಊರೆಲ್ಲಾ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ಬಾಚಣಿಗೆ ತಗೊಂಡು ಒಂದೊಂದೇ ಗಿಡ ಬಾಚಿ, ಹೋಗಿ!...

ಕೂಗ್ತಿಲ್ಲ ಭಾವ, ಅಳ್ತಿದೀನಿ. ಹಾಂ, ಇಲ್ಲೇ, ಎಲ್ಲರ ಮುಂದೇನೇ. ನೋಡ್ಲಿ ಬಿಡಿ...

ಏನಂದ್ರಿ?... ಒಂದು ಉಳಿದಿದೆಯಾ? ಬೇಲಿ ಹತ್ರ? ದಾರ ಎಲೆ ಕೆಳಗೆ ಮುಚ್ಚಿಹೋಗಿತ್ತಾ? ತಡೀರಿ, ತಡೀರಿ. ಅದರ ಮೇಲೆ ಹೇನಿದೆಯಾ?... ಒಂದೂ ಇಲ್ವಾ? ಹೂವು?... ಅಯ್ಯೋ ದೇವರೇ! ಭಾವ, ಅದನ್ನ ಯಾರೂ ಮುಟ್ಬೇಡಿ. ಕೇಳಿಸ್ತಾ? ನಿಮ್ಮ ನೆರಳೂ ಬೀಳಬಾರದು...

ಏನು, ಅದನ್ನೂ ಕೊಯ್ಯೋಕೆ ಆಗ್ಲೇ ಕಳಿಸಿದೀರಾ? ಯಾರನ್ನ?... ಅಕ್ಕನ್ನಾ? ಕುಡುಗೋಲು ಕೊಟ್ಟು? ನನಗೆ ಫೋನ್ ಮಾಡೋಕೆ ಮುಂಚೇನೇ ಹೋದ್ಲಾ?...

ಅವಳ ಕೈ ಗೊತ್ತಲ್ಲ ನಿಮಗೆ, ಹಿಡಿದ ಕೆಲಸದಲ್ಲಿ ಒಂದು ಕಡ್ಡಿ ಬಿಡಲ್ಲ. ಇಡಿ ಫೋನು, ಅವಳಿಗೇ ಮಾಡ್ತೀನಿ... ಮನೇಲಿ ಚಾರ್ಜಿಗೆ ಹಾಕಿ ಹೋಗಿದಾಳಾ?...

ಮತ್ತೆ ನನ್ನ ಹತ್ರ ಏನು ಮಾತು? ಓಡಿ!... ಇಲ್ಲ, ಮೊದಲು ಕಿಟಕಿಯಿಂದ ಕೂಗಿ. ಕಾಣ್ತಾಳಾ? ಏನ್ ಮಾಡ್ತಿದಾಳೆ? ಬಗ್ಗಿದಾಳಾ? ಭಾವ, ಬಗ್ಗಿದಾಳಾ, ಎದ್ದು ನಿಂತ್ಲಾ?... ಹಲೋ?... ಹಲೋ...